ಬಾತ್‌ಗೆ ಹೋದರೆ ಹಿತ್ತಲನ್ನೂ ನೋಡಿ ಬನ್ನಿ

ತಲೆಗೆ 25 ಪೌಂಡಿನಂತೆ ಇಬ್ಬರಿಗೆ 50 ಪೌಂಡು ತೆತ್ತು ಇಂಗ್ಲೆಂಡಿನ ಬಾತ್ ನಗರದ ‘ವಾಸ್ತುಶಿಲ್ಪ ನಡಿಗೆ’ಗೆ ಹೆಸರು ಬರೆಸಿದ್ದೆ. ಬಂದ ಹುಡುಗ ಒಂದೂವರೆ ಗಂಟೆ ತೋರಿಸಿದ್ದೇನು? ಯಾವುದೋ ಧಾರಾವಾಹಿಯ ನಾಯಕಿ ಯಾವ ಬಾಗಿಲಿನಿಂದ ಇಳಿದು ಬಂದಳು, ಕುದುರೆಗಾಡಿ ಯಾವ ಕಿಟಕಿಯ ಕೆಳಗೆ ನಿಂತಿತ್ತು ಎಂಬುದನ್ನು. ಕಂಬಗಳ ಬಗ್ಗೆ ಕೇಳಿದರೆ ‘ಗ್ರೀಕ್ ಶೈಲಿ’ ಎಂದಷ್ಟೇ ಹೇಳಿ ಮುಂದೆ ನಡೆದ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಕಲ್ಲು, ಗಾರೆಗಳ ನಡುವೆ ಕಳೆದ ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಮಗ ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಂದ ಬಾತ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ನನ್ನಂಥ ನಿವೃತ್ತರು ಬಹಳ ಮಂದಿ ಇದ್ದೀರಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಣ ಕೊಟ್ಟ ನಡಿಗೆ ಶನಿವಾರದ್ದು. ಭಾನುವಾರ ಬೆಳಗ್ಗೆ ಅಬ್ಬೆ ಚರ್ಚಿನ ಪಕ್ಕ, ಪಂಪ್ ರೂಮ್ ಎಂಬ ಹಳೆಯ ಕಟ್ಟಡದ ಎದುರು ಹತ್ತಿಪ್ಪತ್ತು ಜನ ನಿಂತಿದ್ದರು. ವಿಚಾರಿಸಿದರೆ ಅದು ನಗರದ ಮೇಯರ್ ಹೆಸರಿನಲ್ಲಿ ನಡೆಯುವ ಗೌರವ ಮಾರ್ಗದರ್ಶಕರ ನಡಿಗೆ. ಬೆಳಗ್ಗೆ ಹತ್ತೂವರೆಗೆ ಹೊರಡುತ್ತದೆ, ಸುಮಾರು ಎರಡು ಗಂಟೆ ಸುತ್ತಿಸುತ್ತಾರೆ. ಪೂರಾ ಉಚಿತ. ಕೊನೆಯಲ್ಲಿ ನಾನು ಐದು ಪೌಂಡಿನ ನೋಟು ಹಿಡಿದರೆ, ನಮ್ಮನ್ನು ಕರೆದೊಯ್ದ ಹಿರಿಯ ಮಹಿಳೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಬಕ್ಷೀಸು ಮುಟ್ಟಬಾರದೆಂಬುದು ಅವರ ನಿಯಮ. ಈ ಊರಿನಲ್ಲಿ ಕಟ್ಟಡಗಳನ್ನು ನೋಡಲು ಬೇರೆ ಯಾರಿಗೂ ಹಣ ಕೊಡಬೇಡಿ.

ಆಕೆ ನಮ್ಮನ್ನು ಕ್ವೀನ್ ಸ್ಕ್ವೇರ್‌ನಿಂದ ಗೇ ಸ್ಟ್ರೀಟಿನ ಏರು ಹತ್ತಿಸಿ ಸರ್ಕಸ್‌ಗೆ ಕರೆದೊಯ್ದರು. ಹೆಸರು ಕೇಳಿ ಹುಲಿ, ಆನೆ ನೆನೆಯಬೇಡಿ. ದುಂಡಗೆ ನಿಂತ 33 ಮನೆಗಳ ಬಳೆ ಅದು, ವ್ಯಾಸ 318 ಅಡಿ. ಹಿರಿಯ ಜಾನ್ ವುಡ್ ಎಂಬಾತ ನಕ್ಷೆ ಹಾಕಿ, 1754ರಲ್ಲಿ ಕೆಲಸ ಶುರುವಾದ ಕೆಲವೇ ತಿಂಗಳಲ್ಲಿ ತೀರಿಕೊಂಡ. ಅದೇ ಹೆಸರಿನ ಮಗ ಅದನ್ನು 1768ರಲ್ಲಿ ಮುಗಿಸಿದ. ಬಳೆಯನ್ನು ಮೂರು ಕಡೆ ಮಾತ್ರ ಕತ್ತರಿಸಿ ಮೂರು ಬೀದಿ ಬಿಟ್ಟಿದ್ದಾರೆ. ಯಾವ ಬೀದಿಯಿಂದ ಒಳಗೆ ಬಂದರೂ ಎದುರಿಗೆ ಇನ್ನೊಂದು ಬೀದಿ ಕಾಣುವುದಿಲ್ಲ, ಬಾಗಿದ ಮನೆಸಾಲೇ ಕಾಣುತ್ತದೆ. ಕೆಳಗಿನ ಅಂತಸ್ತಿಗೆ ಡೋರಿಕ್ ಕಂಬ, ನಡುವಿಗೆ ಅಯಾನಿಕ್, ಮೇಲಕ್ಕೆ ಕೊರಿಂಥಿಯನ್. ಹಿಂದಿನ ದಿನ ಆ ಹುಡುಗ ನುಂಗಿದ ಉತ್ತರ ಇದು. ಡೋರಿಕ್ ಕಂಬಗಳ ಮೇಲಿನ ಪಟ್ಟಿಯಲ್ಲಿ ಹಾವು, ಸಂಗೀತ ವಾದ್ಯ, ಕುಶಲಕರ್ಮಿಗಳ ಸಲಕರಣೆ ಹೀಗೆ 525 ಕೆತ್ತನೆಗಳಿವೆ. ಮಧ್ಯದ ದೊಡ್ಡ ಮರಗಳ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಗೋಡೆ ಮರುದನಿ ಕೊಡುತ್ತದೆ. ತಟ್ಟಿ ನೋಡಿ, ನಾಚಿಕೆ ಬೇಡ, ಎಲ್ಲರೂ ತಟ್ಟುತ್ತಾರೆ.

ಅಲ್ಲಿನ 14ನೇ ನಂಬರಿನ ಮನೆಯಲ್ಲಿ ರಾಬರ್ಟ್ ಕ್ಲೈವ್ ಇದ್ದ ಎಂದು ಗೋಡೆಯ ಫಲಕ ಹೇಳುತ್ತದೆ. ಇಂಥ ಊರಿಗೆ ಎಲ್ಲೆಲ್ಲಿಂದ ಹಣ ಹರಿದು ಬಂದಿರಬೇಕು ಎಂದು ಲೆಕ್ಕ ಹಾಕುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ಗುಂಪು ಮುಂದೆ ಹೋಗಿಬಿಟ್ಟಿತ್ತು, ಓಡಿ ಹಿಡಿಯಬೇಕಾಯಿತು.

ನನ್ನನ್ನು ನಿಜಕ್ಕೂ ಬೆರಗಾಗಿಸಿದ್ದು ರಾಯಲ್ ಕ್ರೆಸೆಂಟ್. ಅರ್ಧಚಂದ್ರದಂತೆ ಬಾಗಿ ನಿಂತ 30 ಮನೆಗಳು, ಮಗ ವುಡ್‌ನ ಕೆಲಸ, 1767ರಲ್ಲಿ ಆರಂಭ. ಜೇನಿನ ಬಣ್ಣದ ಸೈಜುಗಲ್ಲು, ಸಾಲುಗಂಬ, ಎದುರಿಗೆ ಹಸಿರು ಇಳಿಜಾರು. ಎಲ್ಲರೂ ಹುಲ್ಲಿನ ಮೇಲೆ ನಿಂತು ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಸಾಲಿನ ತುದಿಗೆ ಹೋಗಿ, ಬಳಸಿಕೊಂಡು ಹಿಂಭಾಗದ ಕ್ರೆಸೆಂಟ್ ಲೇನ್‌ಗೆ ಬನ್ನಿ. ಅಲ್ಲಿ ಬೇರೆಯೇ ಊರು! ಒಂದು ಮನೆ ಎತ್ತರ, ಪಕ್ಕದ್ದು ಗಿಡ್ಡ. ಒಂದರ ಗೋಡೆ ಮುಂದೆ ಉಬ್ಬಿದೆ, ಇನ್ನೊಂದರದು ಒಳಗೆ ಸರಿದಿದೆ. ಕಿಟಕಿಗಳು ಒಂದೇ ಸಾಲಿನಲ್ಲಿಲ್ಲ. ಕೊಳವೆಗಳು ಗೋಡೆ ತುಂಬ ಹಬ್ಬಿವೆ. ವುಡ್ ಕರಾರು ಹಾಕಿದ್ದು ಮುಖಕ್ಕೆ ಮಾತ್ರ. ಕೊಂಡವರು ಮುಖದ ಒಂದೊಂದು ತುಂಡು ಕೊಂಡು, ಅದರ ಹಿಂದೆ ತಂತಮ್ಮ ಮೇಸ್ತ್ರಿಗಳಿಂದ ಬೇಕಾದಂತೆ ಮನೆ ಕಟ್ಟಿಸಿಕೊಂಡರು. ಮೇಲೆ ಥಳಕು, ಒಳಗೆ ಹುಳುಕು ಎನ್ನಲು ಬಾಯಿ ತೆರೆದವನು ಸುಮ್ಮನಾದೆ, ಏಕೆಂದರೆ ಹುಳುಕೇನೂ ಇಲ್ಲ. ಬೀದಿಗೆ ಒಂದೇ ಮುಖ, ಒಳಗೆ ಅವರವರ ಅನುಕೂಲ. ಬಡಾವಣೆಗಳಲ್ಲಿ ಮುಂಭಾಗ ಒಂದೇ ಸಮ ಇರಲಿ ಎಂದು ನಾವು ಎಷ್ಟು ನೋಟಿಸು ಕೊಟ್ಟಿದ್ದೇವೆ, ಎಷ್ಟು ಜನ ಕೇಳಿದ್ದಾರೆ ಎಂಬುದು ನನಗೇ ಗೊತ್ತು.

ನಾನು ಅರ್ಧ ಗಂಟೆ ಅಲ್ಲೇ ಇದ್ದೆ. ‘ರೀ, ನೀವು ಅರಮನೆ ನೋಡಲು ಬಂದಿರೋ, ಪೈಪು ನೋಡಲು ಬಂದಿರೋ?’ ಎಂದು ಮನೆಯವಳು ಕೇಳಿದಳು.

ಒಮ್ಮೆ ಈ ಗುಟ್ಟು ಹಿಡಿದರೆ ಊರಿಡೀ ಅದೇ ಕಾಣುತ್ತದೆ. ಕಾಲುದಾರಿಯ ಕಲ್ಲುಗಳಲ್ಲಿ ದುಂಡನೆಯ ಕಬ್ಬಿಣದ ಮುಚ್ಚಳಗಳಿರುತ್ತವೆ. ಅವು ಕಲ್ಲಿದ್ದಲು ಸುರಿಯುವ ತೂತುಗಳು, ಕೆಳಗೆ ಕಮಾನಿನ ಕೋಣೆಗಳಿವೆ. ಎಷ್ಟೋ ಕಡೆ ಬೀದಿಯನ್ನೇ ಕಮಾನುಗಳ ಮೇಲೆ ಎತ್ತಿ ಕಟ್ಟಿದ್ದಾರೆ, ಮೂಲ ನೆಲ ಹಿತ್ತಲಿನಲ್ಲಿ ಸಿಗುತ್ತದೆ. ರಾಬರ್ಟ್ ಆಡಮ್ ವಿನ್ಯಾಸದ, ಎರಡೂ ಬದಿಗೆ ಅಂಗಡಿಗಳಿರುವ ಪುಲ್ಟ್‌ನಿ ಸೇತುವೆಗೂ ಇದೇ ಮಾತು. ಅದರ ಮೇಲೆ ನಡೆಯುವಾಗ ಕೆಳಗೆ ನದಿ ಇದೆ ಎಂದೇ ತಿಳಿಯುವುದಿಲ್ಲ. ದಕ್ಷಿಣದ ಮುಖವನ್ನು ಗ್ರ್ಯಾಂಡ್ ಪರೇಡ್ ರಸ್ತೆಯಿಂದ ಕಾಸು ಖರ್ಚಿಲ್ಲದೆ ನೋಡಬಹುದು. ಉತ್ತರದ ಬದಿಯಲ್ಲಿ ಅಂಗಡಿಯವರು ಕಾಲಕಾಲಕ್ಕೆ ಹೊರಚಾಚಿ ಕಟ್ಟಿಕೊಂಡ ಗೂಡುಗಳು ನೇತಾಡುತ್ತಿವೆ. ಅದನ್ನೂ ನೋಡಿ.

ಊಟದ ವಿಷಯ. ಗಿಲ್ಡ್‌ಹಾಲ್ ಮಾರ್ಕೆಟ್‌ನ ಒಳಗೆ ಒಂದು ಸಾದಾ ಹೋಟೆಲು ಇದೆ. ಸಿಪ್ಪೆ ಸಮೇತ ಬೇಯಿಸಿದ ಅಂಗೈಯಗಲದ ಆಲೂಗಡ್ಡೆಯನ್ನು ಸೀಳಿ, ಬೆಣ್ಣೆ ಹಚ್ಚಿ, ಮೇಲೆ ಟೊಮೆಟೊ ರಸದ ಬಿಳಿ ಬೀನ್ಸ್ ಕಾಳು, ತುರಿದ ಚೀಸ್ ಸುರಿದು ಕೊಡುತ್ತಾರೆ. ನಮ್ಮ ಬಳಿ ಚಟ್ನಿಪುಡಿಯ ಡಬ್ಬಿ ಇತ್ತು, ಮೇಲೆ ಉದುರಿಸಿಕೊಂಡೆವು. ಎದುರು ಮೇಜಿನ ಮುದುಕರೊಬ್ಬರು ಅದೇನೆಂದು ಕೇಳಿ, ರುಚಿ ನೋಡಿ, ಕಣ್ಣೀರು ಒರೆಸಿಕೊಂಡು ಮತ್ತೆ ಕೇಳಿ ಹಾಕಿಸಿಕೊಂಡರು. ದೊಡ್ಡ ಲೋಟದ ಚಹಾ ಸೇರಿ ಇಬ್ಬರಿಗೂ ಹದಿನೆಂಟು ಪೌಂಡು ದಾಟಲಿಲ್ಲ. ಬೇಗ ಏಳಿ ಎಂದು ಯಾರೂ ಕಣ್ಣು ಬಿಡುವುದಿಲ್ಲ. ಶುಕ್ರವಾರ ಒಮ್ಮೆ, ಶನಿವಾರ ಎರಡು ಬಾರಿ ಅಲ್ಲೇ ತಿಂದೆವು. ಮಾರ್ಕೆಟ್‌ನಲ್ಲೇ ‘ನೇಲ್’ ಎಂಬ ಹಳೆಯ ಮೇಜಿದೆ, ವ್ಯಾಪಾರ ಕುದುರಿದ ಮೇಲೆ ಹಣವನ್ನು ಅದರ ಮೇಲೆ ಎಣಿಸಿ ಇಡುತ್ತಿದ್ದರಂತೆ. ಭಾನುವಾರ ಮಾರ್ಕೆಟ್ ಮುಚ್ಚಿರುತ್ತದೆ, ಅಂದು ನಾವು ಬ್ರೆಡ್ಡು ತಿಂದು ಹೊಟ್ಟೆ ತುಂಬಿಸಿಕೊಂಡೆವು.

ಉಳಿದುಕೊಂಡ ಕೋಣೆಯ ಕಥೆ ಬೇಡವೆನಿಸುತ್ತದೆ, ಆದರೂ ಹೇಳುತ್ತೇನೆ. ‘ಐತಿಹಾಸಿಕ ಮನೆ’ ಎಂದರೆ ಸಂರಕ್ಷಿತ ಕಟ್ಟಡ, ಲಿಫ್ಟ್ ಇಲ್ಲ ಎಂದು ಅರ್ಥ. 67 ಮೆಟ್ಟಿಲು ಎಣಿಸಿದೆ. ಆ ಕಾಲದಲ್ಲಿ ಆಳುಗಳು ಮಲಗುತ್ತಿದ್ದ ಸೂರಿನಡಿಯ ಕೋಣೆ, ನಾನು ತಲೆಯೆತ್ತಿ ನಿಲ್ಲಲು ಒಂದೇ ಜಾಗ. ಶನಿವಾರದ ಒಂದು ರಾತ್ರಿಗೆ 180 ಪೌಂಡು. ಅದೇ ಕೋಣೆ ಮಂಗಳವಾರ ಅರ್ಧ ಬೆಲೆಗೆ ಸಿಗುತ್ತದೆಂದು ಮಗ ಆಮೇಲೆ ಮೊಬೈಲಿನಲ್ಲಿ ತೋರಿಸಿದ. ಮದುವೆಗೆ ಮುಂಚಿನ ಮೋಜಿಗೆ ಬಂದ ಗುಂಪುಗಳು ರಾತ್ರಿ ಎರಡರವರೆಗೆ ಬೀದಿಯಲ್ಲಿ ಹಾಡುತ್ತಿದ್ದವು. ಸೋಮವಾರದಿಂದ ಗುರುವಾರದೊಳಗೆ ಹೋಗಿ, ಅಥವಾ ಬೆಳಗ್ಗೆ ಬಂದು ಸಂಜೆ ವಾಪಸು ಹೊರಡಿ. ರೋಮನ್ ಸ್ನಾನಗೃಹಕ್ಕೆ ಮನೆಯವಳು ಒಬ್ಬಳೇ ಹೋಗಿ ಬಂದಳು. ಬಾಗಿಲಿನ ಸಾಲು ನೋಡಿಯೇ ನನಗೆ ಸಾಕಾಗಿತ್ತು.

ಇನ್ನು ಭಾನುವಾರ ಸಂಜೆ. ನಿಲ್ದಾಣಕ್ಕೆ ಬಂದರೆ ಹಳಿ ದುರಸ್ತಿ, ರೈಲು ಇಲ್ಲ, ಚಿಪ್ಪೆನಮ್‌ವರೆಗೆ ಬಸ್ ಎಂದರು. ಮಳೆಯಲ್ಲಿ ನಲವತ್ತು ನಿಮಿಷ ಸಾಲು ನಿಂತೆವು. ಬಂದ ಬಸ್ಸಿನಲ್ಲಿ ಸಾಮಾನಿಡಲು ಜಾಗವಿಲ್ಲದೆ ಸೂಟ್‌ಕೇಸು ತೊಡೆಯ ಮೇಲೆ ಬಂತು. ಚಾಲಕ ದಾರಿ ತಪ್ಪಿ ಒಂದು ಇಕ್ಕಟ್ಟಿನ ಹಳ್ಳಿರಸ್ತೆಯಲ್ಲಿ ಸಿಕ್ಕಿಕೊಂಡ, ಹಿಂದಕ್ಕೆ ತೆಗೆಯುವಾಗ ಕಲ್ಲಿನ ಗೋಡೆಯೊಂದು ಕನ್ನಡಿ ಕಿತ್ತುಕೊಂಡಿತು. ಬಸ್ಸಿನಲ್ಲಿದ್ದ ಅರವತ್ತು ಜನರಲ್ಲಿ ಒಬ್ಬರೂ ಜೋರಾಗಿ ಮಾತಾಡಲಿಲ್ಲ. ಒಂದು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಭಾನುವಾರದ ಟಿಕೆಟ್ ಕೊಳ್ಳುವ ಮೊದಲು ಆ ದಿನ ರೈಲು ಓಡುತ್ತದೆಯೇ ಎಂದು ನೋಡಿಕೊಳ್ಳಿ. ತಡವಾದದ್ದಕ್ಕೆ ಪರಿಹಾರ ಕೇಳಿ ಮಗ ಅರ್ಜಿ ಹಾಕಿದ್ದಾನೆ, ಹಣ ಇನ್ನೂ ಬಂದಿಲ್ಲ.