ಗೋತ್ರ ಬೇರೆಯಾದರೂ ವಂಶವಾಹಿ ಒಂದೇ ಆಗಿರಬಹುದು

ದಕ್ಷಿಣ ಭಾರತದ ಅನೇಕ ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆಗೆ ಮುನ್ನ, ರೋಗಿಯು ಆರ್ಯವೈಶ್ಯ ಸಮುದಾಯದವರೇ ಎಂದು ವಿಚಾರಿಸುವುದುಂಟು. ಆಸ್ಪತ್ರೆಯಲ್ಲಿಯೂ ಜಾತಿ ಕೇಳುತ್ತಾರೆಂದು ಬೇಸರಪಡುವವರಿದ್ದಾರೆ. ಆ ಬೇಸರ ಸಹಜವೇ. ಆದರೆ ಆ ಪ್ರಶ್ನೆಯ ಹಿಂದೆ ಪ್ರಾಣಕ್ಕೆ ಸಂಬಂಧಿಸಿದ ಕಾರಣವೊಂದಿದೆ.

ಶ್ವಾಸನಾಳಕ್ಕೆ ಕೊಳವೆ ಇಳಿಸುವ ಮೊದಲು ಸ್ನಾಯುಗಳನ್ನು ಸಡಿಲಗೊಳಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧವನ್ನು ಕೊಡುವ ರೂಢಿಯಿದೆ. ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಹರಿಯುವ ಸ್ಯೂಡೋಕೋಲಿನೆಸ್ಟರೇಸ್ ಎಂಬ ಕಿಣ್ವವು ಈ ಔಷಧವನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆ ಕಿಣ್ವವೇ ಇಲ್ಲದವರಲ್ಲಿ ಔಷಧದ ಪ್ರಭಾವ ಗಂಟೆಗಟ್ಟಲೆ ಉಳಿದು, ಉಸಿರಾಟದ ಸ್ನಾಯುಗಳು ಅಲುಗಾಡದೆ, ರೋಗಿಯನ್ನು ವೆಂಟಿಲೇಟರ್ ಮೇಲೆಯೇ ಇರಿಸಬೇಕಾಗುತ್ತದೆ. ವೈಶ್ಯ ಸಮುದಾಯದಲ್ಲಿ ಈ ಕೊರತೆಗೆ ಕಾರಣವೆಂದು ಗುರುತಿಸಲಾದ ಬದಲಾವಣೆ ತೀರ ಚಿಕ್ಕದು: ಕಿಣ್ವವನ್ನು ಕಟ್ಟಿರುವ ಅಮೈನೋ ಆಮ್ಲಗಳ ಸರಪಳಿಯ 307ನೆಯ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದಿದೆ. ಇದು ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ತೊಂದರೆ. ಅಂಥವರೂ ದಿನನಿತ್ಯದ ಬದುಕಿನಲ್ಲಿ ಸಂಪೂರ್ಣ ಆರೋಗ್ಯವಂತರಾಗಿರುವುದರಿಂದ, ಆ ಔಷಧ ದೇಹಕ್ಕೆ ಸೇರುವವರೆಗೆ ಯಾವ ಸುಳಿವೂ ಸಿಗುವುದಿಲ್ಲ.

ಲಕ್ಷಾಂತರ ಜನರಿರುವ ಸಮುದಾಯವೊಂದರಲ್ಲಿ ಹೀಗೇಕಾಯಿತು ಎಂದರೆ, ಹೆಚ್ಚಿನವರು ಕೂಡಲೇ ಹೇಳುವ ಉತ್ತರ ಸಂಬಂಧದಲ್ಲಿ ಮದುವೆ ಎಂಬುದು. ಅದು ಅರ್ಧ ಉತ್ತರ ಮಾತ್ರ. ಬಹಳ ಹಿಂದೆ ಸಣ್ಣದೊಂದು ಗುಂಪು ಪ್ರತ್ಯೇಕಗೊಂಡು, ಅದರ ಸಂತತಿಯವರು ಶತಮಾನಗಳುದ್ದಕ್ಕೂ ತಮ್ಮೊಳಗೇ ಹೆಣ್ಣು ಕೊಟ್ಟು ತಂದುಕೊಂಡರೆ, ಮೂಲಪುರುಷರಲ್ಲೊಬ್ಬರಿಗೆ ಅಕಸ್ಮಾತ್ತಾಗಿ ಇದ್ದ ಬದಲಾವಣೆ ಇಡೀ ಸಮುದಾಯದಲ್ಲಿ ಸಾಮಾನ್ಯವಾಗಿಬಿಡುತ್ತದೆ. ಆಮೇಲೆ ಜನಸಂಖ್ಯೆ ಎಷ್ಟೇ ಬೆಳೆದರೂ ಆ ಪ್ರಮಾಣ ಸುಲಭವಾಗಿ ಕರಗುವುದಿಲ್ಲ. ಆದ್ದರಿಂದ ಜಾತಿಯೊಳಗೆ ಯಾವ ನೆಂಟಸ್ತಿಕೆಯೂ ಗೊತ್ತಿಲ್ಲದ ಇಬ್ಬರು ಮದುವೆಯಾದರೂ ಅಪಾಯ ಸಂಪೂರ್ಣವಾಗಿ ತಪ್ಪುವುದಿಲ್ಲ.

ಗೋತ್ರದ ನಿಯಮವು ಇದನ್ನು ತಡೆಯುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಗೋತ್ರವು ತಂದೆಯ ಕಡೆಯ ಒಂದೇ ಎಳೆಯನ್ನು ಹಿಡಿದು ಸಾಗುತ್ತದೆ. ಈ ವಂಶವಾಹಿಯಾದರೋ ತಾಯಿಯಿಂದಲೂ ಅಷ್ಟೇ ಸಮವಾಗಿ ಬರುವುದರಿಂದ, ಪ್ರತಿ ಮದುವೆಯಲ್ಲಿಯೂ ಒಂದು ಗೋತ್ರದಿಂದ ಇನ್ನೊಂದಕ್ಕೆ ದಾಟುತ್ತಲೇ ಬಂದಿದೆ. ಅಕ್ಕನ ಮಗಳ ಗೋತ್ರ ಸೋದರಮಾವನದಕ್ಕಿಂತ ಬೇರೆಯೇ ಆಗಿರುತ್ತದೆ, ಆದರೆ ಅವರಿಬ್ಬರ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಭಾಗ ಒಂದೇ ಮೂಲದ್ದು.

ಇದು ಒಂದೇ ಸಮುದಾಯದ ಕಥೆಯಲ್ಲ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳೂ ಭಾಗವಹಿಸಿದ್ದ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿ, ಅವುಗಳಲ್ಲಿ 81 ಗುಂಪುಗಳ ಇಂಥ ಮೂಲ ಸಂಕುಚನವು, ಅಂದರೆ ಸಣ್ಣ ಗುಂಪೊಂದರಿಂದಲೇ ಬೆಳೆದುಬಂದುದರ ಪರಿಣಾಮವು, ಫಿನ್ಲೆಂಡಿನವರು ಮತ್ತು ಅಶ್ಕೆನಾಜಿ (ಮಧ್ಯ ಹಾಗೂ ಪೂರ್ವ ಯುರೋಪ್ ಮೂಲದ) ಯಹೂದಿಯರದಕ್ಕಿಂತ ತೀವ್ರವಾಗಿತ್ತೆಂದು ತೋರಿಸಿತು. ಅವುಗಳಲ್ಲಿ 14 ಗುಂಪುಗಳ ಜನಸಂಖ್ಯೆ ತಲಾ ಹತ್ತು ಲಕ್ಷಕ್ಕೂ ಮಿಕ್ಕಿದ್ದು. ಇದರಿಂದ ಜಾತಿಯ ಮೇಲು ಕೀಳಿಗೆ ಜೀವವಿಜ್ಞಾನದ ಆಧಾರ ದೊರೆಯಿತೆಂದು ಯಾರಾದರೂ ವಾದಿಸಿದರೆ ಅದು ಶುದ್ಧ ತಪ್ಪು. ಮನುಷ್ಯರ ನಡುವಿನ ವ್ಯತ್ಯಾಸದ ಬಹುಪಾಲು ಪ್ರತಿ ಗುಂಪಿನ ಒಳಗೇ ಇರುತ್ತದೆ. ಈ ಕಿಣ್ವದ ಕೊರತೆ ಬೇರೆ ಸಮುದಾಯದವರಲ್ಲಿಯೂ, ಬೇರೆ ದೇಶದವರಲ್ಲಿಯೂ ಕಂಡುಬರುತ್ತದೆ. ಸಮುದಾಯದ ಹೆಸರು ವೈದ್ಯರಿಗೆ ಒಂದು ಎಚ್ಚರಿಕೆಯಷ್ಟೇ, ನಿರ್ಣಯವನ್ನು ಪರೀಕ್ಷೆಯೇ ಕೊಡಬೇಕು.

ಅಶ್ಕೆನಾಜಿ ಯಹೂದಿಯರ ಅನುಭವ ನಮಗೆ ನೇರವಾಗಿ ಉಪಯುಕ್ತ. ನರಮಂಡಲವನ್ನು ನಾಶಮಾಡುವ ಟೇ-ಸ್ಯಾಕ್ಸ್ ಎಂಬ ಆನುವಂಶಿಕ ಕಾಯಿಲೆಯಿಂದ ನಾಲ್ಕು ಮಕ್ಕಳನ್ನು ಕಳೆದುಕೊಂಡ ರಬ್ಬಿ (ಯಹೂದಿ ಧರ್ಮಗುರು) ಜೋಸೆಫ್ ಎಕ್‌ಸ್ಟೈನ್ ಅವರು 1983ರಲ್ಲಿ ನ್ಯೂಯಾರ್ಕಿನಲ್ಲಿ ದೋರ್ ಯೆಶೋರಿಮ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ರಕ್ತ ಕೊಟ್ಟ ಯುವಕ ಯುವತಿಯರಿಗೆ ದೊರೆಯುವುದು ಸಂಖ್ಯೆಯೊಂದು ಮಾತ್ರ. ಮದುವೆಯ ಮಾತುಕತೆಯ ಸಮಯದಲ್ಲಿ ಎರಡೂ ಸಂಖ್ಯೆಗಳನ್ನು ತಿಳಿಸಿದರೆ, ಜೋಡಿ ಹೊಂದುತ್ತದೆಯೇ ಎಂಬುದನ್ನಷ್ಟೇ ಹೇಳುತ್ತಾರೆ. ಹೀಗಾಗಿ ಯಾರೊಬ್ಬರಿಗೂ ಕಳಂಕ ಅಂಟುವುದಿಲ್ಲ. ಜಾತಕ ಹೊಂದಿಸಲು ಇಷ್ಟು ಶ್ರಮಪಡುವ ನಮ್ಮ ಸಮಾಜವು ಗಂಭೀರವಾದ ಆನುವಂಶಿಕ ಕಾಯಿಲೆಗಳ ವಿಷಯದಲ್ಲಿ ಈ ವ್ಯವಸ್ಥೆಯನ್ನು ಅಳವಡಿಸಿಕೊಳ್ಳಲೇಬೇಕೆಂದು ನನ್ನ ದೃಢ ಅಭಿಪ್ರಾಯ.

ಸ್ಯೂಡೋಕೋಲಿನೆಸ್ಟರೇಸ್ ಕೊರತೆಗಾದರೆ ಮದುವೆಯನ್ನು ತಡೆಯುವ ಪ್ರಶ್ನೆಯೇ ಇಲ್ಲ, ಏಕೆಂದರೆ ಸಕ್ಸಿನೈಲ್‌ಕೋಲಿನ್‌ಗೆ ಬದಲಿ ಔಷಧಗಳು ಲಭ್ಯವಿವೆ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡುಬಂದವರು ಆ ವರದಿಯನ್ನು ಯಾವಾಗಲೂ ಜೊತೆಯಲ್ಲಿಟ್ಟುಕೊಳ್ಳಬೇಕು. ಅವರ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅದೇ ಕೊರತೆ ಇರುವ ಸಾಧ್ಯತೆ ಕನಿಷ್ಠ ನಾಲ್ಕರಲ್ಲಿ ಒಂದರಷ್ಟಿರುವುದರಿಂದ, ಅಣ್ಣ ತಮ್ಮಂದಿರಿಗೂ ಅಕ್ಕ ತಂಗಿಯರಿಗೂ ಅದೇ ಪರೀಕ್ಷೆಯನ್ನು ಮಾಡಿಸಬೇಕು.