ಕೋಳಿಮರಿಗೆ ದಿನಾ ಹೊಸ ನೆಲ

ಗೋವಾದಲ್ಲಿ ಮನೆ ಹಿಂದೆ ನಾಲ್ಕು ಕೋಳಿ ಸಾಕಬೇಕು ಅನ್ನುವ ಕನ್ನಡದವರು ಈಗ ಜಾಸ್ತಿ ಆಗಿದ್ದಾರೆ. ನನ್ನನ್ನು ಕೇಳುವವರಿಗೆಲ್ಲ ಮೊದಲು ಹೇಳುವ ಮಾತು ಒಂದೇ. ಗೂಡನ್ನು ಒಂದೇ ಕಡೆ ನೆಲಕ್ಕೆ ನೆಟ್ಟುಬಿಡಬೇಡಿ. ದಿನಾ ಎಳೆದುಕೊಂಡು ಹೋಗುವ ಹಾಗೆ ಮಾಡಿ.

ನಾನು ಹಾವೇರಿ ಕಡೆಯವಳು. ಮದುವೆಯಾಗಿ ಫೋಂಡಾ ತಾಲೂಕಿಗೆ ಬಂದೆ. ಊರಲ್ಲಿ ನಮ್ಮಜ್ಜಿ ಮರಿಗಳನ್ನು ಬಿದಿರಿನ ದೊಡ್ಡ ಬುಟ್ಟಿ ಕವುಚಿ ಒಳಗಿಡುತ್ತಿದ್ದಳು, ಮೇಲೊಂದು ಕಲ್ಲು. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ. ಈಗ ನಾನು ಮಾಡಿರುವುದೂ ಅದನ್ನೇ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಎತ್ತರದ ಮರದ ಚೌಕಟ್ಟು. ಹಿಂದೆ ಎರಡು ಗಾಲಿ, ಮುಂದೆ ಹಗ್ಗ. ಅರ್ಧ ಭಾಗಕ್ಕೆ ಹೆಣೆದ ತೆಂಗಿನ ಗರಿಯ ಮಾಡು, ಉಳಿದರ್ಧಕ್ಕೆ ಬರೀ ಜಾಲರಿ. ನೆರಳು ಬೇಕಾದವು ಒಳಗೆ ಹೋಗುತ್ತವೆ, ಬಿಸಿಲು ಬೇಕಾದವು ಹೊರಗೆ ಬರುತ್ತವೆ.

ದಿನಾ ಯಾಕೆ ಸರಿಸಬೇಕು? ರಕ್ತಭೇದಿ ತಪ್ಪಿಸುವುದಕ್ಕೆ. ಕಾಕ್ಸಿಡಿಯೋಸಿಸ್ ಅಂತಾರಲ್ಲ, ಅದೇ. ಮೂರರಿಂದ ಆರು ವಾರದ ಮರಿಗಳಿಗೆ ಇದರ ಕಾಟ ಹೆಚ್ಚು. ಮರಿ ರೆಕ್ಕೆ ಜೋಲು ಬಿಟ್ಟು, ಪುಕ್ಕ ಕೆದರಿಕೊಂಡು ಮೂಲೆಯಲ್ಲಿ ನಿಲ್ಲುತ್ತದೆ. ಹಿಕ್ಕೆಯಲ್ಲಿ ರಕ್ತ ಕಾಣುತ್ತದೆ. ಈ ರೋಗದ ಜೀವಿ ಹಿಕ್ಕೆಯ ಜೊತೆ ಹೊರಬಿದ್ದ ಕೂಡಲೇ ಇನ್ನೊಂದು ಮರಿಗೆ ಅಂಟುವುದಿಲ್ಲ. ಬೆಚ್ಚಗಿನ ತೇವದಲ್ಲಿ ಒಂದೆರಡು ದಿನ ಬಲಿಯಬೇಕು, ಆಮೇಲೇ ಅಪಾಯ. ಅಷ್ಟರೊಳಗೆ ಗೂಡು ಮುಂದಕ್ಕೆ ಹೋಗಿದ್ದರೆ ಮರಿ ಕೆದಕುವುದು ಶುದ್ಧ ಹುಲ್ಲನ್ನು. ಹಿಂದೆ ಉಳಿದದ್ದನ್ನು ಬಿಸಿಲು ಒಣಗಿಸುತ್ತದೆ. ಆದರೆ ನೆರಳು, ತೇವ ಇದ್ದರೆ ಅದು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಅದಕ್ಕೇ ಕುಳಾಗರದ, ಅಂದರೆ ಇಲ್ಲಿಯ ಅಡಿಕೆ ತೋಟದ, ಸಾಲಿನ ನಡುವೆ ನಾನು ಗೂಡು ಇಡುವುದೇ ಇಲ್ಲ. ಅಲ್ಲಿ ತಂಪು ಚೆನ್ನಾಗಿದೆ ನಿಜ, ನೆಲ ಮಾತ್ರ ಒಣಗುವುದಿಲ್ಲ. ಆಚೆ ತೆಂಗಿನ ಮರಗಳ ನಡುವಿನ ಬಯಲೇ ಸರಿ. ಗೊಬ್ಬರವೂ ತೆಂಗಿಗೇ ಹೋಗುತ್ತದೆ.

ಎಳೆಯುವುದಕ್ಕೂ ಒಂದು ಕ್ರಮ ಇದೆ. ಬೆಳಿಗ್ಗೆ ಮೇವು ಹಾಕುವ ಮೊದಲೇ ಸರಿಸಬೇಕು, ಹಸಿದಿರುತ್ತವಲ್ಲ. ಹಗ್ಗವನ್ನು ಒಂದು ಗೇಣು ಎಳೆದು ನಿಲ್ಲಿಸುತ್ತೇನೆ. ಮುಂದೆ ಹೊಸ ಹುಲ್ಲು ಕಂಡ ತಕ್ಷಣ ಮರಿಗಳೆಲ್ಲ ಅತ್ತ ನುಗ್ಗುತ್ತವೆ. ಮತ್ತೆ ಒಂದು ಗೇಣು. ಕಣ್ಣು ಮಾತ್ರ ಚೌಕಟ್ಟಿನ ಹಿಂದಿನ ಪಟ್ಟಿಯ ಮೇಲೇ ಇರಬೇಕು. ಹುಳ ಕುಕ್ಕುತ್ತಾ ಹಿಂದೆ ಉಳಿದ ಮರಿಯ ಕಾಲು ಅದರಡಿ ಸಿಕ್ಕಿಬಿಡುತ್ತದೆ. ಒಂದು ವಾರ ಕಳೆದರೆ ಹಗ್ಗ ಅಲುಗಿದ ಸದ್ದಿಗೇ ಎಲ್ಲಾ ಮುಂದೆ ಬಂದು ಸಾಲಾಗಿ ನಿಲ್ಲುತ್ತವೆ. ಅದನ್ನು ನೋಡುವುದೇ ನನಗೆ ದಿನದ ಅತಿ ಖುಷಿಯ ಹೊತ್ತು.

ಜಾಲರಿಗೆ ದುಡ್ಡು ಉಳಿಸಬೇಡಿ. ಅಂಗಡಿಯವರು ಕೋಳಿ ಜಾಲರಿ ಅಂತ ಕೊಡುವ ಆರು ಮೂಲೆ ಕಣ್ಣಿನದು ದೊಡ್ಡ ಕೋಳಿಗೆ ಸಾಕು, ಮರಿಗೆ ಅಲ್ಲ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿಯೇ ಬೇಕು. ಇಲ್ಲಿ ಹಗಲು ಕಾಗೆ, ಹದ್ದು, ಮುಂಗುಸಿ. ರಾತ್ರಿ ಕಬ್ಬೆಕ್ಕು, ಹಾವು. ಮುಂಗುಸಿ ಅಡಿಯಿಂದ ತೋಡುತ್ತದೆ. ಅದಕ್ಕೆ ಸುತ್ತಲೂ ಒಂದು ಅಡಿ ಅಗಲದ ಜಾಲರಿಯನ್ನು ಲಂಗದ ಅಂಚಿನ ಹಾಗೆ ನೆಲದ ಮೇಲೆ ಹರಡಿಸಿದ್ದೇನೆ. ಗೂಡು ಎಳೆದರೆ ಅದೂ ಜೊತೆಗೆ ಬರುತ್ತದೆ. ಇಷ್ಟೆಲ್ಲಾ ಇದ್ದರೂ ಮರಿಗಳು ಎರಡು ತಿಂಗಳಾಗುವವರೆಗೆ ರಾತ್ರಿ ಪಡಸಾಲೆಯಲ್ಲೇ.

ಮರಿ ತರುವುದು ಬೆಳಗಾವಿ ಕಡೆಯಿಂದ. ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ತಳಿ. ಮೊಟ್ಟೆಯೊಡೆದ ಮರಿಯ ಹೊಟ್ಟೆಯಲ್ಲಿ ಇನ್ನೂ ಹಳದಿ ಉಳಿದಿರುತ್ತದೆ, ಅದರ ಬಲದಲ್ಲೇ ಒಂದೆರಡು ದಿನ ಕಳೆಯುತ್ತದೆ. ಹಾಗಾಗಿ ಚೋರ್ಲಾ ಘಾಟ್ ಇಳಿದು ಬರುವ ದಾರಿ ಅದಕ್ಕೆ ಭಾರವಲ್ಲ. ಮನೆಗೆ ಬಂದ ಮೇಲೆ ಬಲ್ಬಿನಡಿ ಇಡುವುದಾದರೆ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಮೈತುಂಬಾ ಪುಕ್ಕ ಬರುವ ಐದಾರು ವಾರದವರೆಗೆ ಇದೇ ಕೆಲಸ. ನನಗೆ ಬಲ್ಬಿಗಿಂತ ಕಾವು ಕೂತ ಊರ ಹೇಂಟೆಯೇ ಇಷ್ಟ. ಕತ್ತಲಾದ ಮೇಲೆ ಅವಳಡಿಯ ಮೊಟ್ಟೆ ತೆಗೆದು, ಒಂದೊಂದೇ ಮರಿಯನ್ನು ಮೆಲ್ಲಗೆ ರೆಕ್ಕೆಯೊಳಗೆ ಸರಿಸಿದರೆ ಬೆಳಗಾಗುವಷ್ಟರಲ್ಲಿ ತಾಯಿಯಾಗಿರುತ್ತಾಳೆ. ಎಲ್ಲಾ ಹೇಂಟೆಗಳೂ ಒಪ್ಪುವುದಿಲ್ಲ, ಬೆಳಿಗ್ಗೆ ಬೇಗ ಎದ್ದು ನೋಡಬೇಕು. ಒಪ್ಪಿದವಳ ಜೊತೆ ಮರಿಗಳು ಮೊದಲ ವಾರದಲ್ಲೇ ಒಣ ಬಿಸಿಲಿಗೆ ಗೂಡಿನಲ್ಲಿ ಹೊರಗೆ ಬರಬಹುದು. ಚಳಿ ಅನಿಸಿದರೆ ಅವಳ ಕೆಳಗೆ ನುಗ್ಗುತ್ತವೆ. ಯಾವುದು ತಿನ್ನುವಂಥದ್ದು ಅಂತ ಅವಳೇ ಕುಕ್ಕಿ ತೋರಿಸುತ್ತಾಳೆ. ಯಾವ ಬಲ್ಬು ಇದನ್ನು ಮಾಡುತ್ತದೆ, ಹೇಳಿ?

ಹುಲ್ಲು, ಹುಳದಿಂದಲೇ ಮರಿ ಬೆಳೆಯುತ್ತದೆ ಅಂದುಕೊಳ್ಳಬೇಡಿ. ಮರಿಗಳಿಗೆಂದೇ ಮಾಡಿದ ಚಿಕ್ ಸ್ಟಾರ್ಟರ್ ಮೇವು ಬೇಕೇ ಬೇಕು. ಜೊತೆಗೆ ಸ್ವಲ್ಪ ಹೊಳೆಮರಳು, ಹುಲ್ಲು ತಿಂದದ್ದು ಅರೆಯಲು. ವಾರಕ್ಕೊಮ್ಮೆ ಗೆದ್ದಲು ಕೊಡುತ್ತೇನೆ. ಹಳೆ ಮಡಕೆಗೆ ಒಣಹುಲ್ಲು, ಸಗಣಿ ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಕಡೆ ರಾತ್ರಿ ಕವುಚಿಟ್ಟರೆ ಬೆಳಿಗ್ಗೆ ತುಂಬಿರುತ್ತದೆ. ಅದನ್ನು ಗೂಡಿನೊಳಗೆ ಕೊಡವಿದರೆ ಮುಗೀತು, ತಾಯಿ ಕರೆಯುವವರೆಗೂ ಯಾರೂ ಕಾಯುವುದಿಲ್ಲ.

ಕೋಳಿಗಳ ಮಾರಕ ರೋಗ ರಾಣಿಖೇತ್‌ನ ಲಸಿಕೆ ಬಿಡಬೇಡಿ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಒಂದು ಹನಿ ಲಸೋಟಾ ಅನ್ನುವ ಲಸಿಕೆ, ನಾಲ್ಕನೇ ವಾರ ಮತ್ತೊಮ್ಮೆ. ಸೀಸೆ ನೂರು ಮರಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಐಸ್ ಮೇಲಿಟ್ಟು ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಹದಿನೈದು ಮರಿ ಇರುವವರು ಒಬ್ಬೊಬ್ಬರೇ ತಂದರೆ ಸುಮ್ನೆ ಹಾಳು. ನಾವು ಅಕ್ಕಪಕ್ಕದ ಮನೆಯವರು ಒಂದೇ ದಿನ ಗೊತ್ತು ಮಾಡಿಕೊಂಡು ಹಾಕಿಸುತ್ತೇವೆ. ಕೊಂಕಣಿ, ಮರಾಠಿ, ಕನ್ನಡ ಎಲ್ಲಾ ಬುಟ್ಟಿಗಳೂ ಒಂದೇ ಅಂಗಳಕ್ಕೆ ಬರುತ್ತವೆ.

ಜೂನ್‌ನಿಂದ ಈ ಪದ್ಧತಿ ನಡೆಯುವುದಿಲ್ಲ. ಗೋವಾದ ಮಳೆಗೆ ಎಲ್ಲಿಗೆ ಎಳೆದರೂ ಕೆಸರೇ. ಆಗ ಗೂಡನ್ನು ಕೊಟ್ಟಿಗೆಯೊಳಗೆ ತಂದು, ಅಡಿಗೆ ಒಣ ತರಗೆಲೆ ಹಾಸಿ, ಒದ್ದೆಯಾದಂತೆ ಬದಲಿಸುತ್ತಿರಬೇಕು. ಹೊಸ ಮರಿಗಳನ್ನು ಮಾತ್ರ ಮಳೆಗಾಲದಲ್ಲಿ ತರುವುದಿಲ್ಲ. ಚವತಿ ಮುಗಿದು, ದಸರೆ ದಾಟಿ, ನೆಲ ಒಣಗಿದ ಮೇಲೆ ಬೆಳಗಾವಿಗೆ ಫೋನ್ ಮಾಡುತ್ತೇನೆ.