ಚಿಗರಿಗೆ ಮನೆ ಹುಡುಕಿದ್ದು

ಮುಧೋಳ ನಾಯಿಗೂ ಬೀದಿನಾಯಿಗೂ ಹುಟ್ಟಿದ, ಒಂದೂವರೆ ವರ್ಷದ ಚಿಗರಿಯನ್ನು ಬೆಂಗಳೂರಿನ ಫ್ಲಾಟಿನಲ್ಲಿ ಸಾಕಿದ್ದ ಕುಟುಂಬಕ್ಕೆ, ಮನೆಯ ಹಿರಿಯರು ಹಾಸಿಗೆ ಹಿಡಿದ ಮೇಲೆ ಅವಳನ್ನು ನೋಡಿಕೊಳ್ಳುವುದು ಸಾಧ್ಯವಾಗಲಿಲ್ಲ. ರಾತ್ರೋರಾತ್ರಿ ಊರಾಚೆ ಬಿಟ್ಟು ಬರುವವರೂ ಇರುವಾಗ, ಇವರು ಲಸಿಕೆಯ ಪುಸ್ತಕದ ಸಮೇತ ಅವಳನ್ನು ನನ್ನ ಬಳಿ ತಂದು, ಹೊಸ ಮನೆ ಸಿಗುವವರೆಗೆ ಅವಳ ಖರ್ಚನ್ನೂ ಕೊಟ್ಟರು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಇವರು ಕಾನೂನಿಗೆ ಹೆದರಿ ಬಂದವರಲ್ಲ, ಅವಳ ಮೇಲಿನ ಪ್ರೀತಿಯಿಂದ ಬಂದವರು.

ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಆಮೇಲೆ ಸೇನೆಗೂ ಸೇರಿತು. ಹೆಸರು ಕೇಳಿ ಮರಿ ತಂದವರಿಗೆ, ಇದು ಮೂಸಿ ಹುಡುಕುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ನಾಯಿ ಎಂಬುದು ಬಹಳ ಸಲ ತಿಳಿದಿರುವುದಿಲ್ಲ. ಚಿಗರಿ ಬಾಲ್ಕನಿಯ ಸರಳಿನ ಸಂದಿಯಿಂದ ಪಾರಿವಾಳವನ್ನು ನೋಡುತ್ತ ನಿಂತರೆ ಅವಳ ತೊಡೆಯ ಸ್ನಾಯುಗಳು ಸಣ್ಣಗೆ ಅದುರುತ್ತಿದ್ದವು. ಆ ಹೊತ್ತಿನಲ್ಲಿ ಹೆಸರು ಹಿಡಿದು ಕರೆದರೆ ಕಿವಿಯೂ ಅಲುಗುತ್ತಿರಲಿಲ್ಲ. ಕುತ್ತಿಗೆಗೆ ಹೋಲಿಸಿದರೆ ತಲೆ ಕಿರಿದಾದ್ದರಿಂದ ಸಾಮಾನ್ಯ ಕಾಲರ್ ಸಲೀಸಾಗಿ ಕಳಚಿಕೊಳ್ಳುತ್ತಿತ್ತು. ಎಳೆದಾಗ ಹದವಾಗಿ ಬಿಗಿಯಾಗುವ ಅಗಲ ಪಟ್ಟಿಯ ಕಾಲರ್ ತಂದ ಮೇಲೆಯೇ ಅವಳನ್ನು ರಸ್ತೆಗೆ ಕರೆದೊಯ್ಯುವ ಧೈರ್ಯ ಬಂದದ್ದು.

‘ತೋಟದ ಮನೆಗೆ ಕೊಟ್ಟುಬಿಡಿ, ಆರಾಮಾಗಿ ಓಡಾಡಿಕೊಂಡಿರುತ್ತೆ’ ಎಂದು ಕೇಳಿದವರೆಲ್ಲರೂ ಹೇಳಿದರು. ಇದನ್ನು ನಾನು ಒಪ್ಪುವುದಿಲ್ಲ. ತೋಟಕ್ಕೆ ಹೋದ ನಾಯಿ ಅನೇಕ ಕಡೆ ಹಗಲಿಡೀ ಸರಪಳಿಯಲ್ಲಿದ್ದು, ರಾತ್ರಿ ಕಾವಲಿಗೆ ಮಾತ್ರ ಬಿಡುಗಡೆ ಪಡೆಯುತ್ತದೆ. ಬೇಟೆಯ ರಕ್ತವಿರುವ ನಾಯಿ ಪಕ್ಕದವರ ಕೋಳಿಯನ್ನೋ ಕುರಿಮರಿಯನ್ನೋ ಹಿಡಿದರೆ ಅದರ ಗತಿ ಏನಾಗುತ್ತದೆಂದು ಹಳ್ಳಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಚಿರತೆ ಓಡಾಡುವ ಸೀಮೆಯಾದರೆ ರಾತ್ರಿ ಹೊರಗಿರುವ ನಾಯಿಯೇ ಅದಕ್ಕೆ ಸುಲಭದ ತುತ್ತು. ಇಂಥ ನಾಯಿಗೆ ಬೇಕಾಗಿರುವುದು ಎಕರೆಗಟ್ಟಲೆ ಜಾಗವಲ್ಲ, ದಿನಾ ಬೆಳಿಗ್ಗೆ ಸಂಜೆ ಅದರ ಜೊತೆ ಬೆವರು ಸುರಿಸುವ ಮನುಷ್ಯ. ಮೈ ದಣಿದರಷ್ಟೇ ಸಾಲದು, ಬುದ್ಧಿಗೂ ಕೆಲಸ ಬೇಕು: ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಬೇಯಿಸಿದ ಕೋಳಿಯ ಚೂರುಗಳನ್ನು ಸುತ್ತಿಟ್ಟರೆ, ಚಿಗರಿ ಅದನ್ನು ಮೂತಿಯಿಂದ ಒಂದೊಂದೇ ಪದರ ಬಿಡಿಸಿ ತಿಂದು, ಆಮೇಲೆ ಗಾಢವಾಗಿ ನಿದ್ದೆ ಹೋಗುತ್ತಿದ್ದಳು.

ಆದ್ದರಿಂದ ದತ್ತು ಪ್ರಕಟಣೆಯಲ್ಲಿ ಒಳ್ಳೆಯ ಫೋಟೋದ ಜೊತೆಗೆ, ಒಂಟಿಯಾಗಿ ಬಿಟ್ಟರೆ ಚಾಪೆ ಹರಿಯುತ್ತಾಳೆ, ಬೆಕ್ಕಿರುವ ಮನೆಗೆ ಆಗುವುದಿಲ್ಲ, ಆಳೆತ್ತರದ ಕಾಂಪೌಂಡ್ ಬೇಕು ಎಂದೂ ಬರೆದೆ. ಗುಣಗಳನ್ನಷ್ಟೇ ಬರೆದು ಕಳಿಸಿದ ನಾಯಿ ತಿಂಗಳೊಳಗೆ ಹಿಂದೆ ಬರುತ್ತದೆ, ಮೊದಲಿಗಿಂತ ಹೆಚ್ಚು ಕಂಗೆಟ್ಟು. ಮರಿ ಹಾಕಿಸುವ ಆಸೆಯಿಂದ ಫೋನ್ ಮಾಡಿದವರಿಗೆ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದ ಕೂಡಲೇ ಆಸಕ್ತಿ ಇಳಿಯಿತು. ಉಳಿದವರಿಗೆ ನಾನು ಕೇಳುತ್ತಿದ್ದುದು ಇಷ್ಟೇ: ಮಳೆ ಬರುವ ದಿನ ಇವಳನ್ನು ಯಾರು ನಡೆಸುತ್ತಾರೆ, ನೀವು ಊರಿಗೆ ಹೋದಾಗ ಯಾರ ಬಳಿ ಇರುತ್ತಾಳೆ, ಮನೆ ಬಾಡಿಗೆಯದಾದರೆ ಮಾಲೀಕರು ಒಪ್ಪಿದ್ದಾರೆಯೇ?

ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಿದವರು ಮೈಸೂರಿನ ದಂಪತಿ. ಇಬ್ಬರೂ ದಿನಾ ನಸುಕಿನಲ್ಲಿ ಓಡುವವರು, ಹಿಂದೆಯೂ ದೊಡ್ಡ ನಾಯಿ ಸಾಕಿದವರು. ಅವರ ಮನೆ ನೋಡಿ, ಗೇಟಿನ ಕೆಳಗಿನ ಸಂದಿಗೆ ಹಲಗೆ ಹಾಕಿಸುವಂತೆ ಕೇಳಿಕೊಂಡು, ಗುರುತಿನ ಚೀಟಿಯ ಪ್ರತಿ ಪಡೆದು ಒಪ್ಪಂದ ಬರೆಸಿದೆ. ಚಿಗರಿಯ ಜೊತೆ ಅವಳು ಮಲಗುತ್ತಿದ್ದ ಕಂಬಳಿಯನ್ನು ಒಗೆಯದೆ ಕಳಿಸಿದೆ, ಅದರ ವಾಸನೆ ಹೊಸ ಜಾಗದಲ್ಲಿ ಅವಳಿಗೆ ಧೈರ್ಯ ಕೊಡಲೆಂದು. ಆಹಾರವನ್ನು ಒಮ್ಮೆಲೇ ಬದಲಿಸಬಾರದು, ಮೊದಲ ಕೆಲವು ವಾರ ನೆಂಟರಿಷ್ಟರನ್ನು ಕರೆಯಬಾರದು, ಮನೆಯನ್ನು ತನ್ನದೆಂದು ಅವಳು ತಿಳಿಯುವವರೆಗೆ ಕಾಂಪೌಂಡಿನೊಳಗೂ ಕಾಲರಿನ ಹಗ್ಗ ಬಿಚ್ಚಬಾರದು ಎಂಬ ಮಾತುಗಳಿಗೂ ಅವರು ಒಪ್ಪಿದರು. ಮುಂದೆಂದಾದರೂ ಸಾಕಲಾಗದ ಸ್ಥಿತಿ ಬಂದರೆ ಅವಳನ್ನು ಬೇರೆಯವರಿಗೆ ಕೊಡದೆ ನನಗೇ ಮರಳಿಸಬೇಕೆಂಬುದು ಒಪ್ಪಂದದ ಕೊನೆಯ ಸಾಲು. ಆ ಸಾಲಿಗೆ ಕಾಲಮಿತಿ ಇಟ್ಟಿಲ್ಲ.